ಮೂರು ಸಲ ತೊಳೆಯಬೇಕಿದ್ದ ಪಂಪು

ನನ್ನ ಗಂಟಲಲ್ಲಿ ಹತ್ತು ಹನ್ನೆರಡು ಜನ ಬಾಡಿಗೆಗಿದ್ದಾರೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಪಾಠ ಮಾಡುತ್ತಿದ್ದ ನಮ್ಮ ಪ್ರಿನ್ಸಿಪಾಲರು, ಫೋನಿನಲ್ಲಿ ಮಾತಾಡಿದರೆ ಇಡೀ ಓಣಿಗೆ ಕೇಳಿಸುವ ಸೋದರತ್ತೆ, ಹಂಪಿಯಲ್ಲಿ ಪ್ರವಾಸಿಗರಿಗೆ ಒಂದೇ ಸುಳ್ಳನ್ನು ಐದು ಭಾಷೆಯಲ್ಲಿ ಹೇಳುವ ಗೆಳೆಯ. ಯಾರನ್ನೇ ಆಗಲಿ ಒಂದು ಸಲ ಕೇಳಿದರೆ ಸಾಕು, ಮರುದಿನ ಅವರು ನನ್ನ ಬಾಯಲ್ಲಿ ಕೂತಿರುತ್ತಾರೆ. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತದೆ. ಅದು ತೂತು ಬಿದ್ದ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಿದೆ. ಅದಕ್ಕೇ ಬಳಸುವುದು ಕಡಿಮೆ.

ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತು ಅಪ್ಪನ ಕೆಮ್ಮು ಅನುಕರಿಸುತ್ತಿದ್ದ ಕಾಲಕ್ಕೆ ನನಗೊಂದು ಕೆಲಸ ಸಿಕ್ಕಿತು. ಕೆಲಸದ ಹೆಸರು ‘ಕ್ಷೇತ್ರ ಸಹಾಯಕ’. ಕೇಳಲು ಭಾರಿಯಾಗಿದೆ. ಮಾಡಬೇಕಾದದ್ದು ಏನೆಂದರೆ, ಅಕ್ಕಿ ನುಚ್ಚು ಬೇಯಿಸಿ ಬಾಟಲಿಗೆ ತುಂಬಿ ಅದಕ್ಕೆ ಬೂಷ್ಟು ಹಿಡಿಸುವುದು. ಅವ್ವನಿಗೆ ಇದನ್ನು ವಿವರಿಸಿದಾಗ ಆಕೆ ಬಹಳ ಹೊತ್ತು ನನ್ನ ಮುಖ ನೋಡಿದಳು.

“ಇದನ್ನ ಕಲಿಯಾಕ ಮೂರು ವರ್ಷ ಓದಿದಿ? ಎರಡು ದಿನದ ಅನ್ನ ಮುಚ್ಚಿಟ್ರ ನಾನ ತೋರಸ್ತಿದ್ನೆಲ್ಲೋ.”

ಬೂಷ್ಟು ಯಾಕೆ ಬೇಕಿತ್ತೆಂದರೆ, ಕಂಪ್ಲಿಗೂ ಎಮ್ಮಿಗನೂರಿಗೂ ನಡುವೆ ಗದ್ದೆಗಳ ಮಧ್ಯದಲ್ಲಿ ಒಂದು ಕೆರೆ ಇದೆ. ಕೆರೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ಕೆರೆ. ಆಗ ದಡದಿಂದ ದಡಕ್ಕೆ ಅಂತರಗಂಗೆ ಹಬ್ಬಿ, ಹೊಸಬರು ಹುಲ್ಲುಗಾವಲೆಂದು ಎಮ್ಮೆ ಬಿಡುವ ಹಾಗಿತ್ತು. ಉಬ್ಬಿದ ದಂಟು, ನುಣುಪು ಎಲೆ, ನೇರಳೆ ಹೂವು. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಹೊಸಪೇಟೆಯಿಂದ ಬಂದು ಅದರ ಮುಂದೆ ನಗುತ್ತಿದ್ದರು. ಆ ಹೂವಿನ ಕೆಳಗೆ ನೀರಿಗೆ ಬೆಳಕಿಲ್ಲ, ಮೀನಿಗೆ ಉಸಿರಿಲ್ಲ, ಗದ್ದೆಗೆ ನೀರು ಬಿಡುವ ತೂಬಿನ ಬಾಯಿಗೆ ಬೇರು ಜಡೆಗಟ್ಟಿ ಕೂತಿತ್ತು.

ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವನು ಒಬ್ಬ ಮುದುಕ. ಊರೆಲ್ಲ ಅವನಿಗೆ ಕೆರೆ ತಾತ ಎನ್ನುತ್ತಿತ್ತು, ನಾನೂ ಹಾಗೇ ಅಂದೆ. ಬೆಳಿಗ್ಗೆ ಎದ್ದು ಮಿಂದು, ವಿಭೂತಿ ಗಟ್ಟಿ ತೇಯ್ದು ಹಣೆಗೆ ಮೂರು ಗೆರೆ ಎಳೆದುಕೊಂಡು, ಅದೇ ಮೂರು ಬೆರಳಿನಿಂದ ತನ್ನ ಬಿದಿರಿನ ದುಂಡು ತೆಪ್ಪದ ಅಂಚಿಗೂ ಮೂರು ಗೆರೆ ಎಳೆಯದೆ ನೀರಿಗಿಳಿಯುತ್ತಿರಲಿಲ್ಲ. ಒಬ್ಬನೇ ಇದ್ದರೂ ಮಾತು ನಿಲ್ಲಿಸುತ್ತಿರಲಿಲ್ಲ. ಮೀನಿನ ಜೊತೆ, ತೆಪ್ಪ ನಡೆಸುವ ಹುಟ್ಟಿನ ಜೊತೆ, ಅಂತರಗಂಗೆಯ ಜೊತೆ. “ಬಾರವ್ವ, ನಿಮ್ಮಪ್ಪನ ಮನಿ ಐತಿಲ್ಲೆ, ಹರವಿಕೊಂಡು ಕುಂದ್ರು” ಎಂದು ಬೈಯುತ್ತಾ ಅದನ್ನು ಕೋಲಿನಿಂದ ಸರಿಸುತ್ತಿದ್ದ. ನನಗೆ ಅವನ ದನಿ ಕೂರಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು. ಕೆಳದವಡೆ ಸ್ವಲ್ಪ ಮುಂದೆ ತರಬೇಕು, ಪ್ರತಿ ಮಾತಿನ ಕೊನೆಗೆ ಒಂದು ಸಣ್ಣ ಉಸಿರು ಬಿಡಬೇಕು, ಅಷ್ಟೆ.

ಬೂಷ್ಟನ್ನು ಕಂಡುಹಿಡಿದದ್ದು ಅವನೇ. ಕೆರೆಯ ಮೂಡಣ ಮೂಲೆಯಲ್ಲಿ, ಹುಣಸೆ ಮರದ ನೆರಳು ಬೀಳುವ ಕಡೆ, ಅಂತರಗಂಗೆಯ ಎಲೆಗಳ ಮೇಲೆ ಕಂದು ಚುಕ್ಕೆ ಬಿದ್ದು, ಚುಕ್ಕೆ ದೊಡ್ಡದಾಗಿ ಎಲೆ ತುದಿಯಿಂದ ಒಣಗುತ್ತಿತ್ತು. ಉಳಿದವರು ಬಿಸಿಲಿಗೆ ಸುಟ್ಟಿದೆ ಎಂದರು. “ಬಿಸಿಲು ಮೂಲಿ ಹುಡಿಕ್ಯಂಡು ಬರತೈತೇನಲೇ?” ಎಂದು ತಾತ ಒಂದು ಹಿಡಿ ಎಲೆ ಕಿತ್ತು, ಒದ್ದೆ ಟವೆಲಿನಲ್ಲಿ ಸುತ್ತಿ, ಬೆಳೆ ರೋಗ ನೋಡಲು ಊರಿಗೆ ಬಂದಿದ್ದ ವಿಜ್ಞಾನಿ ಮೇಡಂ ಕೈಗೆ ಕೊಟ್ಟಿದ್ದ. ಮೇಡಂ ಅದನ್ನು ಒಯ್ದು ನೋಡಿದಾಗ ಅದೊಂದು ಶಿಲೀಂಧ್ರ. ಅಂತರಗಂಗೆಯನ್ನು ತಿನ್ನುವ, ಇದೇ ಕೆರೆಯಲ್ಲಿ ಹುಟ್ಟಿ ಬೆಳೆದ ಬೂಷ್ಟು. ಇದನ್ನು ಹೆಚ್ಚು ಮಾಡಿ ಇಡೀ ಕೆರೆಗೆ ಸಿಂಪಡಿಸಿದರೆ ಕಳೆ ನಿಧಾನಕ್ಕೆ ಸಾಯುತ್ತದೆ, ನೀರಿಗೆ ವಿಷ ಬೀಳುವುದಿಲ್ಲ. ಅದೇ ಯೋಜನೆ, ಅದೇ ನನ್ನ ಕೆಲಸ.

ಮೇಡಂ ಮೈಸೂರು ಕಡೆಯವರು. ಅವರ ಬಾಯಲ್ಲಿ ಎಲ್ಲವೂ ‘ಕಣೋ’. ನುಚ್ಚು ಮೆತ್ತಗಾಯ್ತು ಕಣೋ, ಬಾಟಲಿ ಬಾಯಿಗೆ ಹತ್ತಿ ಬಿಗಿಯಾಗಿ ಇಡೋ, ಕೈ ತೊಳ್ಕೊಂಡ್ಯೇನೋ. ಮೊದಲ ವಾರದಲ್ಲೇ ನಾನು ಅವರನ್ನು ಅವರೆದುರಿಗೇ ಮಾಡಿ ತೋರಿಸಿದೆ. ಕೋಪ ಮಾಡಿಕೊಳ್ಳಲಿಲ್ಲ. “ನನ್ನ ದನಿ ಚೆನ್ನಾಗಿ ಬಂತು. ನಾನು ಹೇಳಿದ ಕೆಲಸ ಬಂತಾ?” ಎಂದು ಕೇಳಿದರು. ಆಗ ಅದನ್ನು ತಮಾಷೆ ಎಂದುಕೊಂಡಿದ್ದೆ.

ನಮಗೆ ಜಾಗ ಕೊಟ್ಟಿದ್ದವರು ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರು. ಗೋದಾಮಿನ ಪಕ್ಕದ ಕೋಣೆಯೂ ಅವರದೇ, ನುಚ್ಚೂ ಅವರದೇ. ಕೆರೆ ಕೆಳಗೆ ಅವರ ಗದ್ದೆಯೂ ಇತ್ತು, ಕೆರೆಯ ಸಮಿತಿಗೆ ಅವರೇ ಹಿರಿಯರು. ಒಳ್ಳೆಯ ಮನುಷ್ಯ, ಆದರೆ ಹೆದರಿಕೆ.

“ಮ್ಯಾಡಂ, ನಿಮ್ಮ ಬೂಷ್ಟು ನನ್ನ ನೆಲ್ಲಿಗೆ ಹತ್ತಿದ್ರ ಏನ್ರಿ ಗತಿ? ನನ್ನ ನುಚ್ಚು ತಿಂದು ನನ್ನ ಗದ್ದಿಗೇ ಬಂದ್ರ?”

ಮೇಡಂ ವಾದ ಮಾಡಲಿಲ್ಲ. ಗಿರಣಿ ಅಂಗಳದ ಸಿಮೆಂಟು ತೊಟ್ಟಿಗಳಲ್ಲಿ ಅಂತರಗಂಗೆ ಬೆಳೆಸಿ, ಸುತ್ತ ಭತ್ತ, ಕಬ್ಬು, ಬಾಳೆ ಸಸಿಗಳ ಕುಂಡ ಇಟ್ಟು, ಎಲ್ಲದರ ಮೇಲೂ ಬೂಷ್ಟಿನ ನೀರು ಸಿಂಪಡಿಸಿದರು. ಎಂಟನೇ ದಿನಕ್ಕೆ ತೊಟ್ಟಿಯ ಎಲೆಗಳೆಲ್ಲ ಕಂದು ಚುಕ್ಕೆ. ಮೂರನೇ ವಾರಕ್ಕೆ ದಂಟು ಕೊಳೆತು ಕುಸಿಯಿತು. ಕುಂಡದ ಭತ್ತ ಹಸಿರಾಗಿಯೇ ನಿಂತಿತ್ತು. ತಾತ ಎಮ್ಮಿಗನೂರು ಕಡೆಯಿಂದ ಬಸ್ಸು ಹತ್ತಿ ಬಂದು, ತೊಟ್ಟಿಯೊಳಗೆ ಕೈ ಇಟ್ಟು, ಕೊಳೆತ ದಂಟನ್ನು ಹಿಂಡಿ ಮೂಸಿ ನೋಡಿದ. “ನನ್ನ ಮೂಲ್ಯಾಗಿಂದು” ಎಂದ, ಸ್ವಂತ ಮಗ ಪಾಸಾದವನ ಹಾಗೆ.

ಸಾಹುಕಾರರು ಒಪ್ಪಿದರು, ಒಂದು ಮಾತಿನ ಮೇಲೆ. ಸಂಕ್ರಾಂತಿ ಆದ ಮೇಲೆ ಎರಡನೇ ಬೆಳೆಗೆ ತೂಬು ಎತ್ತಬೇಕು. ಅಷ್ಟರೊಳಗೆ ಕಳೆ ಬಗ್ಗುವ ಗುರುತು ಕಾಣಬೇಕು. ಕಾಣದಿದ್ದರೆ ಸಮಿತಿಯವರು ಕಳೆನಾಶಕ ಹೊಡೆಸುತ್ತಾರೆ. ನಮ್ಮ ಕಡೆ ರೈತರಿಗೆ ಹೊಡೆಯುವ ಔಷಧವೆಲ್ಲ ಎಣ್ಣೆಯೇ. “ಎಣ್ಣಿ ಹೊಡದ್ರ ನಾಕು ದಿನದಾಗ ಕೆರಿ ಬಯಲು” ಎಂದು ಸಮಿತಿಯ ಕೆಲವರು ಮೊದಲಿನಿಂದಲೂ ಹೇಳುತ್ತಿದ್ದರು. ತಾತ ಒಬ್ಬನೇ ಬೇಡ ಎನ್ನುತ್ತಿದ್ದವನು. ಅವನ ಮೀನು ಆ ನೀರಿನಲ್ಲಿತ್ತು.

ಕಾರ್ತಿಕ ಬಂತು, ಇಬ್ಬನಿ ಬೀಳಲು ಶುರುವಾಯಿತು. ಬೂಷ್ಟಿನ ಬೀಜಕಣ ಕಣ್ಣಿಗೆ ಕಾಣುವುದಿಲ್ಲ. ಅದು ಎಲೆಯ ಮೇಲೆ ಮೊಳೆಯಬೇಕಾದರೆ ರಾತ್ರಿಯಿಡೀ ಎಲೆ ಒದ್ದೆಯಿರಬೇಕು. ಅದಕ್ಕೇ ಮೇಡಂ ಈ ತಿಂಗಳಿಗೆ ಕಾದಿದ್ದರು. ಎರಡು ತಿಂಗಳು ಬೇಯಿಸಿದ ನುಚ್ಚೆಲ್ಲ ಬಾಟಲಿಗಳಲ್ಲಿ ಬೂದುಗಪ್ಪಾಗಿ ನಿಂತಿತ್ತು. ಸಿಂಪಡಿಸುವ ವಾರ ನಮ್ಮ ಬೆನ್ನಿಗೆ ಹಾಕುವ ಪಂಪಿನ ವಾಷರು ಹೋಯಿತು. ಭಾನುವಾರ ಬೆಳಿಗ್ಗೆ ಹೊಸಪೇಟೆಯ ಮನೆಗೆ ಹೋಗಿ ಬರುವವನಿಗೆ ಮೇಡಂ, “ಹೊಸಪೇಟೆಯಲ್ಲಿ ವಾಷರ್ ತಗೊಂಡು ಬಾರೋ” ಎಂದರು. ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರನನ್ನು ಅವನೆದುರಿಗೇ ಮಾಡಿ ತೋರಿಸುತ್ತಿದ್ದೆ, ಬಸ್ಸೆಲ್ಲ ನಗುತ್ತಿತ್ತು. ಬರುವಾಗಲೂ ಅದೇ ಬಸ್ಸು, ಅದೇ ನಗು. ಕಂಪ್ಲಿಯಲ್ಲಿ ಇಳಿದ ಮೇಲೆ ವಾಷರು ನೆನಪಾಯಿತು. “ಸಿಗಲಿಲ್ಲ ಮೇಡಂ” ಎಂದೆ.

ಅದೇ ಸಂಜೆ ಸಾಹುಕಾರರು ತಮ್ಮ ಗದ್ದೆಯ ಪಂಪು ಕೊಟ್ಟರು. ಮೇಡಂ ಅದನ್ನು ಕಂಡ ಕೂಡಲೇ ಹುಬ್ಬು ಗಂಟಿಕ್ಕಿದರು. ಆ ವಾರ ಗದ್ದೆಗಳಲ್ಲಿ ಭತ್ತಕ್ಕೆ ಬೆಂಕಿ ರೋಗ. ಬೆಂಕಿ ರೋಗ ತರುವುದೂ ಒಂದು ಬೂಷ್ಟೇ, ಅದಕ್ಕೆ ಹೊಡೆಯುವುದು ಬೂಷ್ಟು ಕೊಲ್ಲುವ ಔಷಧ. ಓಣಿಯಲ್ಲಿ ಒಂದು ಪಂಪಿದ್ದರೆ ಅದು ಹತ್ತು ಗದ್ದೆ ಸುತ್ತಿ ಬರುತ್ತದೆ, ಯಾರೂ ಒಳಗೆ ಏನಿತ್ತೆಂದು ಕೇಳುವುದಿಲ್ಲ, ಮುಂದಿನವನು ಅದರ ಮೇಲೇ ತನ್ನದನ್ನು ಸುರಿಯುತ್ತಾನೆ. ಭತ್ತಕ್ಕೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಬೂಷ್ಟಿಗೆ ಆಗುತ್ತದೆ.

“ಮೂರು ಸಲ ಸೋಪಿನ ನೀರಲ್ಲಿ ತೊಳಿಬೇಕು ಕಣೋ. ಪ್ರತಿ ಸಲ ಕೊಳವೆ, ಮೂತಿ ಎಲ್ಲ ಬಿಚ್ಚಿ ತೊಳಿಬೇಕು. ಆಮೇಲೆ ಒಳ್ಳೇ ನೀರು ತುಂಬಿಸಿ ರಾತ್ರಿಯೆಲ್ಲ ಇಡಬೇಕು. ಕೇಳಿಸ್ತಾ?”

ಕೇಳಿಸಿತ್ತು. ಎಷ್ಟು ಚೆನ್ನಾಗಿ ಕೇಳಿಸಿತ್ತೆಂದರೆ, ಪಂಪನ್ನು ಗಿರಣಿಯ ಹಿಂದಿನ ನಲ್ಲಿಯ ಹತ್ತಿರ ಒಯ್ದಾಗ, ಅಲ್ಲಿ ಮೂಟೆ ಹೊರುವವರು ನೀರು ಕುಡಿಯಲು ಸೇರಿದ್ದರು, “ಲೇ, ನಿಮ್ಮ ಮ್ಯಾಡಮ್ಮಂದು ಮಾಡಲೇ” ಎಂದರು, ಮಾಡಿದೆ. ಒಂದು ಉಸಿರೂ ತಪ್ಪದ ಹಾಗೆ ಮಾಡಿದೆ. ಸೆರಗು ಸರಿಮಾಡಿಕೊಂಡೆ, ಇಲ್ಲದ ಕನ್ನಡಕ ಮೇಲಕ್ಕೆ ಸರಿಸಿದೆ. “ಮೊದಲನೇ ಸಲ ಕಣೋ!” ಎಂದು ಖಾಲಿ ಪಂಪನ್ನು ಎತ್ತಿ ಕುಲುಕಿದೆ. “ಎರಡನೇ ಸಲ ಕಣೋ!” ಎಂದು ಮೂತಿ ಬಿಚ್ಚಿದ ಹಾಗೆ ಬೆರಳಾಡಿಸಿದೆ. ಮೂರನೆಯದಕ್ಕೆ ಒಬ್ಬ ಮೂಟೆಯವನು ನಕ್ಕು ನಕ್ಕು ನಲ್ಲಿಕಟ್ಟೆಯ ಮೇಲೆ ಕೂತೇಬಿಟ್ಟ. ಚಪ್ಪಾಳೆ ಬಿತ್ತು. ಆಮೇಲೆ ಒಂದು ಸಲ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿದೆ. ಸೋಪು ಜೇಬಿನಲ್ಲೇ ಇತ್ತು.

ಮೂರು ಸಲ ತೊಳೆದ ಹಾಗೆ ನನಗೆ ನಿಜವಾಗಿ ಅನಿಸಿತ್ತು. ಸುಳ್ಳು ಹೇಳುತ್ತಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ.

ಮರುದಿನ ಸೋಮವಾರ. ಹೊತ್ತು ಮುಳುಗುವಾಗ ಕೆರೆಯ ದಡದಲ್ಲಿ ನುಚ್ಚನ್ನು ನೀರಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ, ದೊಡ್ಡ ಬಕೆಟ್ಟಿನಲ್ಲಿ ಬೂದು ಬಣ್ಣದ ನೀರು ಇಟ್ಟೆವು. ಮೇಡಂ ಆಚೆ ದಡದಲ್ಲಿ, ಸಿಂಪಡಿಸುವ ಜಾಗದ ಗುರುತಿಗೆ ಬಿದಿರಿನ ಗಳು ನೆಡಿಸುತ್ತಿದ್ದರು. ತಾತ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೊಂಟದ ಚೀಲದಿಂದ ಚಿಟಿಕೆ ವಿಭೂತಿ ತೆಗೆದು, ಕಣ್ಣು ಮುಚ್ಚಿ ಅದರೊಳಗೆ ಉದುರಿಸಿದ. ತೆರೆದಾಗ ನಾನು ನೋಡುತ್ತಿದ್ದೆ.

“ಹೇಳಬ್ಯಾಡಪ” ಎಂದ.

“ಹೇಳಂಗಿಲ್ಲ ತಾತ. ಬೂಷ್ಟಿಗೂ ಪುಣ್ಯ ಬರಲಿ” ಎಂದೆ.

ಬಕೆಟ್ಟಿನಿಂದ ಪಂಪಿಗೆ ತುಂಬಿಸಿಕೊಂಡು, ತಾತ ತೆಪ್ಪ ನಡೆಸಿದ, ನಾನು ಸಿಂಪಡಿಸಿದೆ. ಅಂತರಗಂಗೆಯ ಮಧ್ಯೆ ತೆಪ್ಪ ಗಿರಗಿರ ತಿರುಗಿದಾಗೆಲ್ಲ ತಾತ ಅದಕ್ಕೆ ಬೈದ. ಕೆರೆಯ ಅರ್ಧ ಮುಗಿಯುವಷ್ಟರಲ್ಲಿ ಎಲೆಗಳ ಮೇಲೆ ಇಬ್ಬನಿ ಕೂರತೊಡಗಿತ್ತು. ಮೇಡಂ ದಡದಲ್ಲಿ ನಿಂತು ಎರಡೂ ಕೈ ಉಜ್ಜಿಕೊಳ್ಳುತ್ತಿದ್ದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿದ್ದು ಅದೊಂದೇ ಸಲ.

ಎಂಟನೇ ದಿನ ಚುಕ್ಕೆ ಬೀಳಲಿಲ್ಲ. ಹತ್ತನೇ ದಿನವೂ ಇಲ್ಲ. ತಾತ ದಿನಾ ಬೆಳಿಗ್ಗೆ ತೆಪ್ಪದಲ್ಲಿ ಹೋಗಿ, ಎಲೆಯ ಹಿಂದು ಮುಂದು ತಿರುಗಿಸಿ, ಬಂದು ತಲೆ ಅಲ್ಲಾಡಿಸುತ್ತಿದ್ದ. ಮೇಡಂ ಆ ವಾರ ತಮ್ಮ ಕಚೇರಿಗೆ ಹೋಗಿದ್ದರು.

ಅವರದೊಂದು ಪದ್ಧತಿಯಿತ್ತು. ಸಿಂಪಡಿಸಿದ ಸಂಜೆ, ಬಕೆಟ್ಟಿನಲ್ಲಿ ಉಳಿದ ನೀರಿನಿಂದ ಒಂದು ಹನಿ, ಪಂಪಿನ ಮೂತಿಯಿಂದ ಒಂದು ಹನಿ, ಎರಡು ಗಾಜಿನ ತಟ್ಟೆಗೆ ಬೇರೆ ಬೇರೆ ಹಾಕಿಡಬೇಕು. ಬೀಜಕಣ ಜೀವಂತವಿದ್ದವೋ ಇಲ್ಲವೋ ನೋಡಲು. ನಾನು ಹಾಕಿಟ್ಟು ಮರೆತಿದ್ದೆ. ಹತ್ತನೇ ದಿನ ಗೋದಾಮಿನ ಕೋಣೆಗೆ ಹೋಗಿ ತೆಗೆದು ನೋಡಿದೆ. ಬಕೆಟ್ಟಿನ ತಟ್ಟೆಯಲ್ಲಿ ಬೂಷ್ಟು ದುಂಡಗೆ, ಬೂದುಗಪ್ಪಾಗಿ, ಮಕಮಲ್ಲಿನ ಹಾಗೆ ಹರಡಿತ್ತು. ಪಂಪಿನ ತಟ್ಟೆ ಖಾಲಿ. ನೀರಿನ ಹಾಗೆ ಸ್ವಚ್ಛ.

ತಾತನ ವಿಭೂತಿ ಬಿದ್ದ ನೀರಿನಲ್ಲಿ ಬೂಷ್ಟು ಸುಖವಾಗಿ ಬೆಳೆದಿತ್ತು. ನಾನು ತೊಳೆದ ಪಂಪಿನಲ್ಲಿ ಹಾದು ಹೋದದ್ದು ಸತ್ತಿತ್ತು. ಇದನ್ನು ತಿಳಿಯಲು ವಿಜ್ಞಾನಿ ಆಗಬೇಕಿರಲಿಲ್ಲ.

ಎರಡೂ ತಟ್ಟೆಗಳನ್ನು ನಲ್ಲಿಯ ಹತ್ತಿರ ಒಯ್ದು ತೊಳೆದೆ. ಸೋಪು ಹಾಕಿ, ಮೂರು ಸಲ.

“ತಟ್ಟೆ ಏನಾಯ್ತೋ?” ಎಂದು ಮೇಡಂ ಫೋನಿನಲ್ಲಿ ಕೇಳಿದರು. “ಇರುವಿ ಹತ್ತಿ ಕೆಟ್ಟವು ಮೇಡಂ” ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಹೀಗೆ ಅಂದುಕೊಂಡು ಅವರ ಮೇಲೇ ತಪ್ಪು ಹಾಕುವುದೂ ನನಗೆ ಚೆನ್ನಾಗಿ ಬರುತ್ತದೆ.

ಮೂರು ವಾರ ಕಾದು ಸಮಿತಿ ಗಿರಣಿಯ ಅಂಗಳದಲ್ಲಿ ಸೇರಿತು. ಸಾಹುಕಾರರು ಕುರ್ಚಿಯಲ್ಲಿ, ಮೇಡಂ ಎದುರು ಕುರ್ಚಿಯಲ್ಲಿ, ಏಳೆಂಟು ಜನ ರೈತರು ಮೂಟೆಗಳ ಮೇಲೆ, ತಾತ ನೆಲದ ಮೇಲೆ, ನಾನು ಕಂಬದ ಹಿಂದೆ.

ಸಾಹುಕಾರರು ಜೋರು ಮಾಡಲಿಲ್ಲ. “ಮ್ಯಾಡಂ, ನಾನೇನು ನಿಮ್ಮ ವೈರಿ ಅಲ್ರಿ. ತೊಟ್ಟ್ಯಾಗ ಸತ್ತದ್ದು ನಾನೂ ಕಣ್ಣಿಲೆ ನೋಡೀನಿ. ಕೆರ್ಯಾಗ ಯಾಕ ಸಾಯಲಿಲ್ಲ, ಅದರ ಕಾರಣ ಒಂದು ಹೇಳ್ರಿ. ಕಾರಣ ಸಿಕ್ರ ಇನ್ನೊಂದು ಸಲ ನೋಡಾಣು. ತೂಬು ಎತ್ತದು ಹದಿನೈದು ದಿನ ತಡ ಮಾಡಸ್ತೀನಿ. ಕಾರಣನ ಇಲ್ಲಾಂದ್ರ ಹೆಂಗ?”

ಮೇಡಂ, “ಗೊತ್ತಾಗ್ತಿಲ್ಲ. ಇಬ್ಬನಿ ಚೆನ್ನಾಗಿತ್ತು. ಬೂಷ್ಟೂ ಚೆನ್ನಾಗಿತ್ತು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಪಂಪು ಮೂರು ಸಲ ತೊಳೆದೆ ಅಲ್ವೇನೋ?” ಎಂದು ಕೇಳಿದರು. ಅನುಮಾನದಿಂದಲ್ಲ, ಪಟ್ಟಿಯಲ್ಲಿ ಒಂದೊಂದೇ ಗೀಟು ಹಾಕುವವರ ಹಾಗೆ.

ನಾನು ಬಾಯಿ ತೆರೆಯುವ ಮೊದಲೇ ಅಂಗಳದಂಚಿನಲ್ಲಿ ನಿಂತಿದ್ದ ಮೂಟೆ ಹೊರುವವನೊಬ್ಬ, “ತೊಳದಾನ್ರೀ ಮ್ಯಾಡಂ, ನಾವ ನೋಡೀವಿ. ಮೊದಲನೇ ಸಲ ಕಣೋ, ಎರಡನೇ ಸಲ ಕಣೋ” ಎಂದ. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ನಾನು ತಲೆ ಆಡಿಸಿದೆ. ಒಂದು ಮಾತೂ ಆಡದೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು.

ಆಗ ತಾತ ಎದ್ದು ನಿಂತ. ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ತಪ್ಪು ನಂದೈತ್ರಿ. ಚಿಟಿಕಿ ಈಬತ್ತಿ ಹಾಕಿದ್ನಿರಿ, ಬಕೀಟಿನ್ಯಾಗ. ಒಳ್ಳೇದಾಗಲಿ ಅಂತ ಹಾಕಿದ್ನಿರಿ.”

ಅಂಗಳವೆಲ್ಲ ನಗು. ಸಾಹುಕಾರರು ಕಣ್ಣೊರೆಸಿಕೊಂಡು, “ಶಿವನ ಬೂದಿಗೆ ಅಂಜಿ ಸತ್ತೈತಿ ಬಿಡು!” ಎಂದರು. ತಾತ ಮೇಡಂ ಮುಖವನ್ನೇ ನೋಡುತ್ತಾ ನಿಂತಿದ್ದ. “ಹೌದೇನ್ರಿ? ಅದರಿಂದ ಆತೇನ್ರಿ?”

ಮೇಡಂ ಸುಳ್ಳು ಹೇಳುವವರಲ್ಲ. ಅದೇ ಆವತ್ತು ಕೆಟ್ಟದ್ದು. “ಚಿಟಿಕೆ ಬೂದಿಯಿಂದ ಆಗಲಾರದು ಅನ್ಸುತ್ತೆ. ಆದ್ರೆ ಪರೀಕ್ಷೆ ಮಾಡದೆ ಖಂಡಿತ ಇಲ್ಲ ಅಂತ ನಾನು ಹೇಗೆ ಹೇಳ್ಲಿ?” ಎಂದರು. ಪರೀಕ್ಷೆ ಆಗಿಹೋಗಿತ್ತು. ಅದರ ಉತ್ತರ ಗಿರಣಿಯ ಚರಂಡಿಯಲ್ಲಿ ಹರಿದು ಹೋಗಿತ್ತು.

ಸಾಹುಕಾರರ ನಗು ನಿಂತಿತು. “ಅಲ್ರಿ ಮ್ಯಾಡಂ, ಚಿಟಿಕಿ ಬೂದಿಗೆ ಸಾಯ್ತದಂದ್ರ, ಇಂಥಾ ನಾಜೂಕಿನದ್ದು ನಮ್ಮ ಕೆರಿಗ್ಯಾಕ್ರಿ? ನಾಳೆ ಯಾರರ ದನ ತೊಳಿತಾರ, ಅರಿವಿ ಒಗಿತಾರ. ಬ್ಯಾಡ ಬಿಡ್ರಿ.”

ಹಾಗೆ ತೀರ್ಮಾನವಾಯಿತು. ಪಂಪು ಎಂದು ನಾನು ಅಂದಿದ್ದರೆ ಹದಿನೈದು ದಿನ ಸಿಗುತ್ತಿತ್ತು. ಹೊಸ ವಾಷರು, ನಮ್ಮದೇ ಪಂಪು, ಉಳಿದಿದ್ದ ಬಾಟಲಿಗಳು. ಇಬ್ಬನಿ ಇನ್ನೂ ಬೀಳುತ್ತಿತ್ತು. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ಸಂಕ್ರಾಂತಿಗೆ ಮುಂಚೆ ಎಣ್ಣೆ ಹೊಡೆದರು. ಅವರು ಹೇಳಿದ ಹಾಗೆಯೇ ನಾಲ್ಕು ದಿನಕ್ಕೆ ಕೆರೆ ಹಳದಿಯಾಯಿತು, ಎರಡು ವಾರಕ್ಕೆ ಕಳೆಯೆಲ್ಲ ಒಟ್ಟಿಗೆ ಕೊಳೆತು ತಳಕ್ಕೆ ಕೂತಿತು. ಅಷ್ಟೊಂದು ಕೊಳೆ ಒಂದೇ ಸಲ ಬಿದ್ದರೆ ನೀರಿನ ಉಸಿರೆಲ್ಲ ಅದಕ್ಕೇ ಹೋಗುತ್ತದೆ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಒಂದು ಬೆಳಿಗ್ಗೆ ನೀರು ಕಪ್ಪಗಿತ್ತು, ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾನು ಹೋದಾಗ ತಾತ ತೆಪ್ಪದಲ್ಲಿ ಕೂತು ಅವನ್ನು ಒಂದೊಂದೇ ಎತ್ತಿ ಬುಟ್ಟಿಗೆ ಹಾಕುತ್ತಿದ್ದ. ಮಾತಾಡುತ್ತಿರಲಿಲ್ಲ. ಮೀನಿಗೂ ಇಲ್ಲ, ಹುಟ್ಟಿಗೂ ಇಲ್ಲ. ಮೂಡಣ ಮೂಲೆಯ ಚುಕ್ಕೆ ಬಿದ್ದ ಎಲೆಗಳೂ ಉಳಿದವುಗಳ ಜೊತೆ ಮುಳುಗಿದ್ದವು.

ಯೋಜನೆ ಮುಚ್ಚಿತು. ಮೇಡಂ ಬೇರೆ ಊರಿಗೆ, ಬೇರೆ ಬೆಳೆಗೆ ಹೋದರು. ನಾನು ಸಂಡೂರಿನ ಒಂದು ಸಸಿ ನರ್ಸರಿಗೆ ಸೇರಿದೆ. ಇಲ್ಲಿಯವರೆಗೆ ಹೇಳಿದ್ದು ನಾನು ಮಾಡಿದ ತಪ್ಪು. ಇನ್ನು ಹೇಳುವುದಕ್ಕೆ ಬೇರೆ ಹೆಸರು ಬೇಕು.

ನಾನು ಅದನ್ನು ಆಟ ಮಾಡಿದೆ. ಟವೆಲು ಕಂಕುಳಿಗೆ, ಕೆಳದವಡೆ ಮುಂದಕ್ಕೆ, “ಚಿಟಿಕಿ ಈಬತ್ತಿ ಹಾಕಿದ್ನಿರಿ...” ಮೊದಲು ನರ್ಸರಿಯ ಊಟದ ಹೊತ್ತಿನಲ್ಲಿ. ಆಮೇಲೆ ಗೆಳೆಯರ ಮದುವೆಗಳಲ್ಲಿ, ಮೈಕು ಹಿಡಿದು. ಹಣೆಗೆ ಪೌಡರಿನಲ್ಲಿ ಮೂರು ಗೆರೆ ಎಳೆದುಕೊಳ್ಳುತ್ತಿದ್ದೆ. ಕಂಡಕ್ಟರು, ಪ್ರಿನ್ಸಿಪಾಲರು ಎಲ್ಲರಿಗಿಂತ ಇದಕ್ಕೇ ಹೆಚ್ಚು ಚಪ್ಪಾಳೆ. “ಆ ತಾತಂದು ಮಾಡಲೇ” ಎಂದು ಕೂಗುತ್ತಿದ್ದರು. ಮಾಡುತ್ತಿದ್ದೆ. ಎಷ್ಟು ಸಲ ಮಾಡಿದೆನೆಂದರೆ, ತಪ್ಪು ನಿಜವಾಗಿಯೂ ತಾತನದೇ ಎಂದು ಅರ್ಧ ನಂಬಿಕೆ ಬಂದಿತ್ತು. ಪಂಪನ್ನು ಮೂರು ಸಲ ತೊಳೆದಿದ್ದೇನೆ ಎಂದು ಬಂದಿತ್ತಲ್ಲ, ಹಾಗೆ.

ಕಳೆದ ವರ್ಷ ಸಂಡೂರಿನ ಒಂದು ಮದುವೆಯಲ್ಲಿ ಆಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಯಲ್ಲಿದ್ದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ತವರು ಎಮ್ಮಿಗನೂರಂತೆ.

“ನೀ ಮಾಡಿದ್ದು ನಮ್ಮ ಕೆರಿ ತಾತಂದಲ್ಲೇನೋ ತಮ್ಮಾ? ಭಾಳ ಚಲೋ ಮಾಡ್ತಿ. ದನಿ ಅವಂದ ಐತಿ.” ಬಾಯಿ ಮುಕ್ಕಳಿಸಿ ಸೆರಗಿನಿಂದ ಒರೆಸಿಕೊಂಡಳು. “ಆದ್ರ ಹಣಿಗೆ ಮೂರು ಗೀಟು ಎಳಕಂಡಿ ನೋಡು, ಅದು ಈಗಿಲ್ಲ. ಬಿಟ್ಟಾನ. ಅವತ್ತಿಂದ ಹಚ್ಚಿಲ್ಲ. ಹಚ್ಚಿದ ಕೈಲೆ ನೀರು ಮುಟ್ಟಿದ್ರ ಕೆರಿಗೆ ಕೇಡಂತ.”

ಊಟದ ಮನೆಯಲ್ಲಿ ಗೆಳೆಯರು ಇನ್ನೊಂದು ಸಲ ಮಾಡೆಂದು ಕರೆಯುತ್ತಿದ್ದರು. ನಾನು ಹಣೆಯ ಪೌಡರನ್ನು ಆ ನಲ್ಲಿಯಲ್ಲೇ ತೊಳೆದೆ.

ಮರುದಿನ ಮೇಡಂಗೆ ಫೋನು ಮಾಡಿದೆ. ಪಂಪು, ನಲ್ಲಿ, ತಟ್ಟೆ, ಎಲ್ಲ ಹೇಳಿದೆ.

“ಈಗ ಯಾರನ್ನು ಮಾಡ್ತಿದ್ದೀಯೋ?” ಎಂದರು.

“ಯಾರನ್ನೂ ಇಲ್ಲ ಮೇಡಂ.”

ಅವರು ನನ್ನ ಬಗ್ಗೆ ಏನೂ ಹೇಳಲಿಲ್ಲ. ಮತ್ತೆ ಬೆಳೆಸಲು ಹೆಪ್ಪಿನ ಹಾಗೆ ಫ್ರಿಜ್ಜಿನಲ್ಲಿಟ್ಟಿದ್ದ ಆ ಬೂಷ್ಟಿನ ತಾಯಿ ಬಾಟಲಿಗಳನ್ನು ಯೋಜನೆ ಮುಚ್ಚಿದಾಗ ಯಾರೋ ಎಸೆದಿದ್ದರಂತೆ. “ಆ ಮೂಲೆಯಲ್ಲಿ ಇನ್ನೂ ಚುಕ್ಕೆ ಬೀಳುತ್ತಾ ನೋಡಿ ಹೇಳು. ತಾತನಿಗೆ ಮೊದಲು ಹೇಳು” ಎಂದು ಫೋನು ಇಟ್ಟರು.

ಕೆರೆಯಲ್ಲಿ ಅಂತರಗಂಗೆ ಮತ್ತೆ ಬಂದಿತ್ತು. ತಳದಲ್ಲಿ ಬಿದ್ದ ಬೀಜ ಎಣ್ಣೆಗೆ ಸಾಯುವುದಿಲ್ಲ. ದಡದಲ್ಲಿ ತಾತ ಬಲೆ ಬಿಡಿಸುತ್ತಾ ಕೂತಿದ್ದ. ಬರಿ ಹಣೆ. ತೆಪ್ಪದ ಅಂಚೂ ಬರಿದು. ಬಿಸಿಲಿಗೆ ಕಪ್ಪಾದ ಹಣೆಯಲ್ಲಿ ಮೊದಲು ಗೆರೆಗಳಿದ್ದ ಕಡೆ ಬಣ್ಣ ತುಸು ತಿಳಿಯಾಗಿದೆ ಎಂದು ನನಗೆ ಕಂಡಿತು. ನನ್ನ ಕಲ್ಪನೆಯೂ ಇರಬಹುದು.

ಎಲ್ಲ ಹೇಳಿದೆ. ಬಲೆಯ ಮೇಲೆ ಅವನ ಬೆರಳು ನಿಂತಿತು.

“ಎರಡು ತಟ್ಟಿ ಅಂದಿ. ಬಕೀಟಿಂದ್ರಾಗ ಬಂದಿತ್ತು?”

“ಬಂದಿತ್ತು ತಾತ. ಭಾಳ ಚಲೋ ಬಂದಿತ್ತು.”

“ಈಬತ್ತಿ ಬಿದ್ದಿದ್ದು ಅದಲ್ಲಾ?”

“ಅದ ತಾತ.”

“ಬಿದ್ರೂ ಬಂದಿತ್ತು?”

“ಬಿದ್ರೂ ಬಂದಿತ್ತು.”

ಮತ್ತೊಂದು ಸಲ ಕೇಳಿದ. ಮತ್ತೊಂದು ಸಲ ಹೇಳಿದೆ. ಬೈಯುತ್ತಾನೆಂದು ಕಾದೆ. ಎದ್ದು ತೆಪ್ಪವನ್ನು ನೀರಿಗೆ ತಳ್ಳಿ, “ಹತ್ತು” ಎಂದ.

ಮೂಡಣ ಮೂಲೆಗೆ ಹೋದೆವು. ಹುಣಸೆಯ ನೆರಳು ಹಾಗೆಯೇ ಬಿದ್ದಿತ್ತು. ಒಂದೊಂದೇ ಎಲೆ ತಿರುಗಿಸಿ ನೋಡಿದೆವು, ಅವನು ಒಂದು ಕಡೆ, ನಾನು ಇನ್ನೊಂದು ಕಡೆ. ಎಲ್ಲ ನುಣ್ಣಗೆ, ಹಸಿರಾಗಿ, ಕಲೆಯೇ ಇಲ್ಲದೆ ಹೊಳೆಯುತ್ತಿದ್ದವು. ಅಷ್ಟು ಆರೋಗ್ಯವಾದ ಎಲೆ ಕಂಡು ಯಾರಿಗೂ ಅಷ್ಟು ಸಂಕಟವಾಗಿರಲಾರದು.

“ಅವತ್ತು ಎಲ್ಲಾರೂ ನಕ್ಕಾಗ ನೀನೂ ನಕ್ಕೇನು?” ಎಂದ ತಾತ, ಎಲೆಯಿಂದ ಕಣ್ಣೆತ್ತದೆ.

“ನಕ್ಕೆ.”

“ಮದಿವ್ಯಾಗ ನನ್ನ ಮಾಡ್ತಿಯಂತ.”

ನಾನು ಕೈಯಲ್ಲಿದ್ದ ಎಲೆಯನ್ನು ನೀರಿಗೆ ಬಿಟ್ಟೆ.

“ಮಾಡು, ನೋಡಾಣು.”

“ಬ್ಯಾಡ ತಾತ.”

“ಮಾಡಲೇ.”

ಮಾಡಿದೆ. ಟವೆಲು ಇಲ್ಲದೆ, ಗೆರೆ ಇಲ್ಲದೆ. ತಪ್ಪು ನಂದೈತ್ರಿ ಎಂದೆ. ಚಿಟಿಕಿ ಈಬತ್ತಿ ಹಾಕಿದ್ನಿರಿ ಎಂದೆ. ಒಳ್ಳೇದಾಗಲಿ ಅಂತ ಹಾಕಿದ್ನಿರಿ ಎಂದೆ. ಹೌದೇನ್ರಿ, ಅದರಿಂದ ಆತೇನ್ರಿ ಎಂದು, ಕೊನೆಯ ಸಣ್ಣ ಉಸಿರೂ ತಪ್ಪದ ಹಾಗೆ, ಪೂರ್ತಿ ಮಾಡಿದೆ. ದನಿ ಎಂದಿಗಿಂತ ಚೆನ್ನಾಗಿ ಬಂತು.

ತಾತ ಹುಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೊನೆಯವರೆಗೆ ಕೇಳಿದ.

“ಅಷ್ಟು ಅಂಜಿದ್ನೇನಪ ನಾನು?” ಎಂದ.

ಆಮೇಲೆ ಮುಂದಿನ ಎಲೆ ತಿರುಗಿಸಿದ.